ಶುಕ್ರವಾರ ನಾಲ್ಕು ಗಂಟೆಯೊಳಗೆ

ಸೆಪ್ಟೆಂಬರ್ 8, 2004, ಬುಧವಾರ

ಶಾಲೆ ಶುರುವಾಗಿ ಎರಡೇ ದಿನ, ಆಗಲೇ ನನಗೆ ಮೈ ಉರಿ. ನನ್ನ ಮಗಳು ನಿಸರ್ಗಳನ್ನು ಈ ವರ್ಷವೂ ಇಂಗ್ಲಿಷ್ ಬಾರದ ಮಕ್ಕಳ ಕೋಣೆಗೆ ಹಾಕಿದ್ದಾರೆ. ದಿನಕ್ಕೆ ಒಂದೂವರೆ ಗಂಟೆ. ನಾನು ಕನ್ನಡದಲ್ಲಿ ಒಂದು ಬೈದರೆ ಇಂಗ್ಲಿಷಿನಲ್ಲಿ ಹತ್ತು ತಿರುಗಿ ಹೇಳುವ ಹುಡುಗಿ, ಅವಳಿಗೆ ಇಂಗ್ಲಿಷ್ ಬರುವುದಿಲ್ಲವಂತೆ.

ತಪ್ಪು ನನ್ನದೇ, ಅದಕ್ಕೇ ಇನ್ನೂ ಹೆಚ್ಚು ಉರಿ. ಹೋದ ವರ್ಷ ಅಮೆರಿಕದ ಈ ಫ್ಯಾಕ್ಟೋರಿಯಾದ ಅಪಾರ್ಟ್‌ಮೆಂಟಿಗೆ ಬಂದಾಗ ಶಾಲೆಯವರು ಒಂದು ಫಾರಂ ಕೊಟ್ಟರು. ಮನೆಯಲ್ಲಿ ಮಾತಾಡುವ ಭಾಷೆ ಯಾವುದು? ಕನ್ನಡ. ಮಗು ಮೊದಲು ಕಲಿತ ಭಾಷೆ ಯಾವುದು? ಕನ್ನಡ. ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದೆ, ರಾಜ್ಯೋತ್ಸವದ ಭಾಷಣಕ್ಕೆ ನಿಂತವಳ ಹಾಗೆ. ನಮ್ಮವರೆಲ್ಲ ‘ಇಂಗ್ಲಿಷ್’ ಎಂದು ಬರೆದು ಪಾರಾಗಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಮೊದಲೇ ಒಬ್ಬರಾದರೂ ಬಾಯಿ ಬಿಡಬಾರದಿತ್ತೇ? ವರ್ಷದ ಕೊನೆಯ ಪರೀಕ್ಷೆ ಪಾಸಾದರೆ ಆ ಕೋಣೆಯಿಂದ ಬಿಡುಗಡೆ. ಪರೀಕ್ಷೆಯ ದಿನ ಇವಳಿಗೆ ನೂರಮೂರು ಜ್ವರ.

ಇವರನ್ನು ಕೇಳಿದರೆ, ಇನ್ನೊಂದು ವರ್ಷ ತಾನೇ, ಬಿಡೇ ಎನ್ನುತ್ತಾರೆ. ಇವರಿಗೇನು, ಬೆಳಗ್ಗೆ ಎದ್ದು ರಸ್ತೆ ದಾಟಿದರೆ ಆಫೀಸು. ಇವರ ವೀಸಾದ ಬಾಲ ಹಿಡಿದು ಬಂದವಳು ನಾನು, ಕೆಲಸ ಮಾಡುವ ಹಾಗಿಲ್ಲ. ಮೈಸೂರಿನಲ್ಲಿ ಒಂಬತ್ತು ವರ್ಷ ಹೈಸ್ಕೂಲಿಗೆ ಗಣಿತ ಕಲಿಸಿದವಳು ಇಲ್ಲಿ ಮಂಗಳವಾರ, ಗುರುವಾರ ಅದೇ ಕೋಣೆಗೆ ಹೋಗಿ ಪುಕ್ಕಟೆ ಲೆಕ್ಕ ಹೇಳಿಕೊಡುತ್ತೇನೆ. ಸಮಾಜಸೇವೆ ಎಂದು ಯಾರೂ ತಿಳಿಯಬೇಕಿಲ್ಲ, ಮಗಳನ್ನು ಕಾಯುವುದಕ್ಕೆ ಹೋಗುತ್ತೇನೆ.

ಸೆಪ್ಟೆಂಬರ್ 9, ಗುರುವಾರ

ನಾಲ್ಕನೇ ತರಗತಿಯ ಮಕ್ಕಳಿಗೆ ಎಣಿಸಲು ಪ್ಲಾಸ್ಟಿಕ್ ಕರಡಿ ಕೊಟ್ಟಿದ್ದರು. ಕೆಂಪು ಕರಡಿ ಎಷ್ಟು, ಹಳದಿ ಕರಡಿ ಎಷ್ಟು. ನಾನು ಡಬ್ಬಿಗೆ ತುಂಬಿಸಿ ಬೀರುವಿನ ಮೇಲಿಟ್ಟೆ, ಭಿನ್ನರಾಶಿ ಶುರು ಮಾಡಿದೆ. ಆ ಕೋಣೆಯ ಟೀಚರ್ ಮಿಸ್ ಹ್ಯಾಲ್ವರ್ಸನ್ ತಡೆಯಲಿಲ್ಲ. ಒಳ್ಳೆಯ ಹೆಂಗಸೇ, ಆದರೆ ಮೂವತ್ತೊಂದು ಮಕ್ಕಳು, ಹನ್ನೊಂದು ಭಾಷೆ, ಒಂದೇ ಜೀವ. ಮಧ್ಯಾಹ್ನ ಆಗುವಾಗ ಅವರ ಮುಖ ನೋಡುವ ಹಾಗಿರುವುದಿಲ್ಲ.

ಇಲ್ಲಿಂದ ಎರಡು ಮೈಲಿ ಗುಡ್ಡ ಹತ್ತಿದರೆ ಇನ್ನೊಂದು ಶಾಲೆ. ಅದೇ ಊರು, ಅದೇ ಸ್ಕೂಲ್ ಬೋರ್ಡು, ಅದೇ ಹಳದಿ ಬಸ್ಸು. ಅಲ್ಲಿನ ಅಪ್ಪ ಅಮ್ಮಂದಿರು ವರ್ಷಕ್ಕೊಮ್ಮೆ ಕೋಟು ಹಾಕಿಕೊಂಡು ಹರಾಜಿನ ಪಾರ್ಟಿ ಮಾಡಿ, ಸಂಗೀತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು ಟೀಚರನ್ನು ತಾವೇ ಇಟ್ಟುಕೊಂಡಿದ್ದಾರೆ. ಇಲ್ಲಿನವರು ಎರಡೆರಡು ಕಡೆ ದುಡಿದು, ಮೀಟಿಂಗಿಗೂ ಬರಲಾರದೆ ಮಲಗುತ್ತಾರೆ. ಎಲ್ಲರೂ ಸಮಾನರು ಎಂದು ಎರಡೂ ಶಾಲೆಯ ಗೋಡೆಯ ಮೇಲೆ ಬರೆದಿದೆ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಆ ಕೋಣೆಯಲ್ಲಿ ನಿಸರ್ಗಳನ್ನು ಬಿಟ್ಟರೆ ತಲೆ ಇರುವುದು ಒಬ್ಬಳಿಗೇ. ಮೆರೋನ್ ಎಂದು ಹೆಸರು, ಇಥಿಯೋಪಿಯಾದವಳು, ಬಂದು ಒಂದೂವರೆ ವರ್ಷ. ಮುಕ್ಕಾಲಿನಲ್ಲಿ ಅರ್ಧ ಕಳೆದರೆ ಎಷ್ಟು ಎಂದು ಕೇಳಿದೆ. ಹಾಳೆಯನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಕಾಲು ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಓದುವಾಗ ಪ್ರತಿ ಪದದ ಕೆಳಗೂ ಬೆರಳಿಟ್ಟು, ತಪ್ಪಾದರೆ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ, ನಾಚಿಕೆಯೇ ಇಲ್ಲ. ಇಂಥ ಒಂದು ಮಗು ಸಿಕ್ಕರೆ ಪಾಠ ಮಾಡುವವರಿಗೆ ಆ ದಿನಕ್ಕೆ ಸಾಕು. ನಿಸರ್ಗ ಇವಳ ಪಕ್ಕ ಬಿಟ್ಟು ಏಳುವುದೇ ಇಲ್ಲ.

ಅವಳ ತಾಯಿ ಹಿರುತ್ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕಿನಲ್ಲೇ ಇದ್ದಾಳೆ, ಮೋಟೆಲಿನಲ್ಲಿ ರೂಮು ಗುಡಿಸುವ ಕೆಲಸ. ನನ್ನನ್ನು ಟೀಚರ್ ಎನ್ನುತ್ತಾಳೆ. ಕಂಡರೆ ಕೂತಲ್ಲಿಂದ ಎದ್ದು ನಿಲ್ಲುತ್ತಾಳೆ, ಅವರ ಊರಲ್ಲಿ ಹಾಗಂತೆ. ಇಂಗ್ಲಿಷ್ ಓದಲು ಬರುವುದಿಲ್ಲ, ಶಾಲೆಯಿಂದ ಬಂದ ಪ್ರತಿ ಚೀಟಿಯನ್ನೂ ಬಟ್ಟೆ ಒಗೆಯುವ ರೂಮಿಗೆ ತಂದು ನನ್ನ ಕೈಗಿಡುತ್ತಾಳೆ. ಆಮೇಲೆ ಅವರ ರೊಟ್ಟಿ ಒಂದು ಕಟ್ಟು ಕೊಟ್ಟು ಹೋಗುತ್ತಾಳೆ. ನಾಲ್ಕು ದಿನ ಹುಳಿ ಬಂದ ದೋಸೆ ಹಿಟ್ಟಿನಂತೆ ವಾಸನೆ. ನಿಸರ್ಗ ಮಾತ್ರ ಚಪ್ಪರಿಸಿ ತಿನ್ನುತ್ತಾಳೆ.

ಸೆಪ್ಟೆಂಬರ್ 15, ಬುಧವಾರ

ಪತ್ರ ಬಂತು. ಎರಡು ಸಲ ಓದಿದೆ.

ನಮ್ಮ ಶಾಲೆ ಎರಡು ವರ್ಷದಿಂದ ಸರ್ಕಾರದ ಲೆಕ್ಕದಲ್ಲಿ ಫೇಲಂತೆ. ಫೇಲಾದ ಶಾಲೆಯ ಮಕ್ಕಳಿಗೆ ಬೇರೆ ಶಾಲೆಗೆ ಹೋಗುವ ಹಕ್ಕಿದೆಯಂತೆ. ಗುಡ್ಡದ ಶಾಲೆಗೆ! ಬಸ್ಸೂ ಅವರದೇ. ಅರ್ಜಿಯನ್ನು 24ನೇ ತಾರೀಕು ಶುಕ್ರವಾರ ಸಂಜೆ ನಾಲ್ಕು ಗಂಟೆಯೊಳಗೆ ಆಫೀಸಿಗೆ ಮುಟ್ಟಿಸಬೇಕು. ಹತ್ತು ನಿಮಿಷದಲ್ಲಿ ಫಾರಂ ತುಂಬಿದೆ, ನಡೆದುಕೊಂಡೇ ಹೋಗಿ ಕೊಟ್ಟೆ.

ಅಲ್ಲಿ ಕೂತಿದ್ದ ಹೆಂಗಸು ಫಾರಂ ನೋಡಿ ಹಲ್ಲು ಬಿಟ್ಟಳು. ನಾಲ್ಕನೇ ತರಗತಿಗೆ ಎರಡೇ ಸೀಟು ಇರುವುದು, ಬಡ ಮನೆಯ ಮಕ್ಕಳಿಗೆ, ಅದರಲ್ಲೂ ಮಾರ್ಕು ಕಡಿಮೆ ಇರುವವರಿಗೆ ಮೊದಲ ಆದ್ಯತೆ, ಉಳಿದರೆ ನಿಮ್ಮಂಥವರಿಗೆ ಎಂದಳು. ಒಂದು ಸೀಟು ಆಗಲೇ ಒಬ್ಬ ಉಕ್ರೇನಿನ ಹುಡುಗನಿಗೆ ಹೋಗಿದೆ. ಇನ್ನೊಂದಕ್ಕೆ ಬೇರೆ ಯಾರೂ ಕೇಳಿಲ್ಲ, ಆದರೆ ಶುಕ್ರವಾರದವರೆಗೆ ಕಾಯಬೇಕು.

ದಾರಿಯುದ್ದಕ್ಕೂ ಬಾಯಿಗೆ ಬಂದದ್ದನ್ನು ಗೊಣಗುತ್ತಾ ಬಂದೆ. ನನ್ನ ಮಗಳು ಚೆನ್ನಾಗಿ ಓದುತ್ತಾಳೆ, ಅದು ತಪ್ಪು. ಇವರು ಕುಡಿಯುವುದಿಲ್ಲ, ಕೆಲಸ ಬಿಟ್ಟು ಕೂತಿಲ್ಲ, ಅದೂ ತಪ್ಪು. ಮೈಸೂರಿನಲ್ಲಿ ಸೀಟಿನ ಗೋಳು ನೋಡಿ ನೋಡಿ ಸಾಕಾಗಿ ಬಂದೆವು. ಇಲ್ಲಿ ಬಂದು ಅದೇ ಸಾಲಿನ ಕೊನೆಯಲ್ಲಿ ನಿಂತಿದ್ದೇವೆ.

ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಸ್ಪ್ಯಾನಿಷಿನಲ್ಲಿ ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಎಂದು ಕೊನೆಯಲ್ಲಿ ಒಂದು ಸಾಲು. ಅದೂ ಇಂಗ್ಲಿಷಿನಲ್ಲೇ.

ಸೆಪ್ಟೆಂಬರ್ 18, ಶನಿವಾರ

ಗೌರಿ ಗಣೇಶಕ್ಕೆ ಸ್ನೊಕ್ವಾಲ್ಮಿಯಲ್ಲಿ ಇವರ ಸಹೋದ್ಯೋಗಿ ತ್ರಿವಿಕ್ರಮನ ಮನೆಗೆ ಹೋಗಿದ್ದೆವು. ಹೊಸ ಮನೆ, ನಾಲ್ಕು ಬೆಡ್‌ರೂಮು. ಗಣೇಶನಿಗೆ ಬೆಂಕಿ ಅಲಾರಂ ಹೊಡೆದುಕೊಳ್ಳದ ಹಾಗೆ ಒಂದೇ ಒಂದು ಕಡ್ಡಿ ಊದುಬತ್ತಿ.

ಊಟವಾದ ಮೇಲೆ ಗಂಡಸರೆಲ್ಲ ಸೋಫಾದಲ್ಲಿ ಕೂತು ಅಮೆರಿಕವನ್ನು ರಿಪೇರಿ ಮಾಡಿದರು. ನವೆಂಬರಿನಲ್ಲಿ ಚಾರ್ಟರ್ ಶಾಲೆ ಬೇಕೋ ಬೇಡವೋ ಎಂದು ವೋಟಿದೆಯಲ್ಲ, ತ್ರಿವಿಕ್ರಮ ಸಿಟಿಜನ್ ಆಗಿದ್ದಾನೆ, ಬೇಕು ಎಂದು ಹಾಕುತ್ತಾನಂತೆ. ಸರ್ಕಾರದ ದುಡ್ಡಲ್ಲೇ ಖಾಸಗಿಯವರ ಥರ ನಡೆಸೋ ಶಾಲೆ, ಕಾಂಪಿಟಿಷನ್ ಬಂದರೆ ಎಲ್ಲ ಸರಿಹೋಗುತ್ತೆ ಎಂದು ಪಾಯಸ ಕುಡಿಯುತ್ತಾ ಹೇಳಿದ. ನಿನ್ನ ಮಕ್ಕಳನ್ನು ಅದಕ್ಕೆ ಕಳಿಸುತ್ತೀಯಾ ಎಂದು ಕೇಳಿದೆ. ಅಯ್ಯೋ, ನಮ್ಮ ಏರಿಯಾ ಶಾಲೆ ಚೆನ್ನಾಗಿದೆಯಲ್ಲ ಅತ್ತಿಗೆ, ಅದು ಬಡವರಿಗೆ ಎಂದ. ಹೀಗಿದೆ ಇವರ ಸುಧಾರಣೆ. ಇನ್ನೊಬ್ಬರ ಮಕ್ಕಳ ಮೇಲೆ ಪ್ರಯೋಗ ಮಾಡುವುದಕ್ಕೆ ಎಲ್ಲರೂ ಮುಂದೆ.

ಸೀಟಿನ ಕಥೆ ಹೇಳಿದೆ. ಇಲ್ಲೂ ರಿಸರ್ವೇಶನ್ ಬಂತಾ ಎಂದು ಸುನಿಲ್ ಎನ್ನುವ ಯಾರೋ ನಕ್ಕ, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತ್ರಿವಿಕ್ರಮನ ಹೆಂಡತಿ ಶಾಲಿನಿ ನನ್ನನ್ನು ಅಡುಗೆಮನೆಗೆ ಕರೆದು, ಆ ಜನ ಪತ್ರ ಎಲ್ಲಿ ಓದ್ತಾರೆ, ಅರ್ಧಕ್ಕರ್ಧ ಕಸದ ಬುಟ್ಟಿಗೆ ಹೋಗಿರುತ್ತೆ, ನೀವು ಸುಮ್ಮನೆ ಇದ್ದುಬಿಡಿ ಎಂದಳು. ಸುಮ್ಮನೆ ಇರುವುದರಲ್ಲಿ ತಪ್ಪೇನೂ ಇಲ್ಲವಲ್ಲ.

ಸೆಪ್ಟೆಂಬರ್ 20, ಸೋಮವಾರ

ಬೆಳಗ್ಗೆ ಬಟ್ಟೆ ಒಗೆಯುವ ರೂಮಿನಲ್ಲಿ ಹಿರುತ್ ಸಿಕ್ಕಳು. ಎದ್ದು ನಿಂತಳು. ಮೋಟೆಲಿನ ಸಮವಸ್ತ್ರದ ಜೇಬಿನಿಂದ ಆ ಪತ್ರ ತೆಗೆದು ನನಗೆ ಕೊಟ್ಟಳು. ಒಡೆದಿದ್ದಳು, ನಾಲ್ಕು ಮಡಿಕೆ ಮಾಡಿದ್ದಳು.

ಓದಿದೆ. ಓದುವಷ್ಟು ಹೊತ್ತು ನಿಂತೆ, ನಿಜವಾಗಿ ಓದುತ್ತಿರಲಿಲ್ಲ, ಅದು ನನಗೆ ಬಾಯಿಪಾಠವಾಗಿತ್ತು. ನಮ್ಮ ಬ್ಲಾಕು, ಅವರ ಬ್ಲಾಕು, ಒಂದೇ ಮಷೀನಿನಲ್ಲಿ ನನ್ನ ಚೂಡಿದಾರವೂ ಅವಳ ಏಪ್ರನ್ನೂ ತಿರುಗುತ್ತವೆ. ಮೆರೋನಿಗೆ ಹೋದ ವರ್ಷ ಇಂಗ್ಲಿಷಿನಲ್ಲಿ ಮಾರ್ಕು ಇಲ್ಲ, ಮನೆ ಬಡವರದು. ಅರ್ಜಿ ಹಾಕಿದ ಕ್ಷಣಕ್ಕೆ ಸೀಟು ಅವಳದು.

“ಏನಿಲ್ಲ, ಶಾಲೆ ರಿಪೋರ್ಟು ಅಷ್ಟೆ. ಎಲ್ಲರ ಮನೆಗೂ ಬಂದಿದೆ. ಇಟ್ಕೋಬೇಕಾಗಿಲ್ಲ,” ಎಂದೆ.

ಸಹಿ ಏನಾದರೂ ಹಾಕಬೇಕಾ ಎಂದು ಕೇಳಿದಳು. ಬೇಡ ಎಂದೆ. ಥ್ಯಾಂಕ್ಯೂ ಟೀಚರ್ ಎಂದು ಎರಡು ಕೈಯಲ್ಲಿ ನನ್ನ ಕೈ ಹಿಡಿದು ಬಗ್ಗಿದಳು. ಅವಳ ಕೈ ತುಂಬ ಬ್ಲೀಚಿನ ವಾಸನೆ. ಮನೆಗೆ ಬಂದು ಎರಡು ಸಲ ಕೈ ತೊಳೆದೆ.

ಸೆಪ್ಟೆಂಬರ್ 21, ಮಂಗಳವಾರ

ಸುಳ್ಳು ಹೇಳಿದೆನೇ? ರಿಪೋರ್ಟು ಎಂದೆ. ಶಾಲೆ ಫೇಲಾಗಿದೆ ಎಂಬ ರಿಪೋರ್ಟೇ ತಾನೇ ಅದು. ಓದಲು ಕಲಿಯುವುದು ಅವಳ ಜವಾಬ್ದಾರಿ. ಬೋರ್ಡಿನವರು ಅವಳ ಭಾಷೆಯಲ್ಲಿ ಬರೆಯಬೇಕಿತ್ತು, ಅವರನ್ನು ಯಾರು ಕೇಳುತ್ತಾರೆ? ನನ್ನೊಬ್ಬಳಿಗೇ ಊರಿನ ನ್ಯಾಯದ ಗುತ್ತಿಗೆ ಕೊಟ್ಟಿದ್ದಾರೆಯೇ?

ಇವತ್ತು ಕ್ಲಾಸಿಗೆ ಹೋಗಲಿಲ್ಲ. ತಲೆನೋವು ಎಂದು ಫೋನ್ ಮಾಡಿದೆ. ನಿಜವಾಗಿಯೂ ನೋವಿತ್ತು.

ಸೆಪ್ಟೆಂಬರ್ 23, ಗುರುವಾರ

ಸಂಜೆ ಐದಕ್ಕೆ ಬಾಗಿಲು ಬಡಿದರು. ಹಿರುತ್, ಜೊತೆಯಲ್ಲಿ ಮೆರೋನ್. ತಾಯಿ ಮಗಳ ತೋಳು ಹಿಡಿದಿದ್ದಳು. ಹುಡುಗಿ ಅತ್ತು ಮುಖ ಊದಿಸಿಕೊಂಡಿತ್ತು. ಕೈಯಲ್ಲಿ ಅದೇ ಪತ್ರ. ಎಲ್ಲ ಮುಗಿಯಿತು ಎಂದುಕೊಂಡೆ. ಒಳಗೆ ಬನ್ನಿ ಎಂದೆ, ಬರಲಿಲ್ಲ.

ಹಿರುತ್ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಸೋಮವಾರ ನಾನು ಬೇಡ ಎಂದ ಪತ್ರವನ್ನು ಚಿತ್ರ ಬರೆಯಲೆಂದು ಮಗಳಿಗೆ ಕೊಟ್ಟಳು. ಮಗಳು ಚಿತ್ರ ಬರೆಯಲಿಲ್ಲ, ಶಾಲೆಯ ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಓದಿದಳು. ಇವತ್ತು ಬಂದು, ಅಮ್ಮಾ, ಗುಡ್ಡದ ಮೇಲಿನ ಶಾಲೆಗೆ ನಾನು ಹೋಗಬಹುದು, ಬಸ್ಸು ಬರುತ್ತೆ, ನಾಳೆಯೇ ಕೊನೆ ಎಂದಳು. ಟೀಚರ್ ಹಾಗೆ ಹೇಳಲಿಲ್ಲವಲ್ಲ ಎಂದರೆ, ಟೀಚರ್ ಸರಿಯಾಗಿ ಹೇಳಿಲ್ಲ ಎಂದಳು. ಅದಕ್ಕೆ ಕೆನ್ನೆಗೆ ಒಂದು ಬಿಟ್ಟೆ ಎಂದಳು ಹಿರುತ್.

“ಟೀಚರ್‌ನ ಸುಳ್ಳಿ ಅಂದ್ಳು. ನಾನು ಹಾಗೆ ಬೆಳೆಸಿಲ್ಲ. ಕ್ಷಮೆ ಕೇಳಲಿ ಅಂತ ಕರ್ಕೊಂಡು ಬಂದೆ.”

ಹುಡುಗಿ ಸಾರಿ ಎಂದಿತು. ತಲೆ ಎತ್ತಲಿಲ್ಲ. ಆಮೇಲೆ ಪತ್ರವನ್ನು ನನ್ನ ಕಡೆ ಚಾಚಿತು. ಪ್ರತಿ ಪದದ ಕೆಳಗೂ ಪೆನ್ಸಿಲಿನ ಚುಕ್ಕೆ. ಗೊತ್ತಿಲ್ಲದ ಪದಗಳಿಗೆ ಎರಡು ಚುಕ್ಕೆ. ‘ಪ್ರಯಾರಿಟಿ’, ಅಂದರೆ ಆದ್ಯತೆ, ಆ ಪದಕ್ಕೆ ಮೂರು.

“ನಾನು ತಪ್ಪು ಓದಿದ್ನಾ?”

ಕೇಳಿದ್ದು ನನ್ನನ್ನು ಹಿಡಿದು ಹಾಕಲಿಕ್ಕಲ್ಲ. ಭಿನ್ನರಾಶಿ ಮಾಡಿ ಹಾಳೆ ತೋರಿಸುತ್ತದಲ್ಲ, ಹಾಗೆ ಕೇಳಿತು. ಗಡಿಯಾರ ನೋಡಿದೆ, ಐದು ಹತ್ತು. ನಾಳೆ ನಾಲ್ಕರವರೆಗೆ ಹತ್ತಿರಹತ್ತಿರ ಇಪ್ಪತ್ಮೂರು ಗಂಟೆ ಇತ್ತು. ನನ್ನ ಮಗಳು ಹಿಂದೆ ನಿಂತಿದ್ದಳು. ಒಂದು ಕ್ಷಣ ನಿಜ ಹೇಳಿಬಿಡೋಣ ಎನ್ನಿಸಿತು, ಸುಳ್ಳು ಬರೆಯುವುದಿಲ್ಲ. ಆಮೇಲೆ ಆ ಗುಡ್ಡದ ಶಾಲೆಯ ಕಿಟಕಿಗಳು ಕಣ್ಣೆದುರು ಬಂದವು.

“ಹೂಂ, ತಪ್ಪು ಓದಿದೀಯ. ಇದು ದೊಡ್ಡವರ ಇಂಗ್ಲಿಷು. ನಿಂಗಿನ್ನೂ ಅಷ್ಟು ಬರಲ್ಲ,” ಎಂದೆ.

ಮೆರೋನ್ ಪತ್ರ ನೋಡಿತು. ಬೆರಳಿಟ್ಟು ಒಂದು ಸಾಲನ್ನು ಮತ್ತೆ ಓದಲು ಹೊರಟಿತು, ತುಟಿ ಅಲ್ಲಾಡಿತು, ನಿಲ್ಲಿಸಿತು. ಹಿರುತ್ ಇನ್ನೂ ಎರಡು ಸಲ ಕ್ಷಮೆ ಕೇಳಿದಳು. ಮಕ್ಕಳು ತಾನೇ, ಪರವಾಗಿಲ್ಲ ಎಂದೆ. ನಾನೇ ಅವಳನ್ನು ಸಮಾಧಾನ ಮಾಡಿ ಕಳಿಸಿದೆ.

ಬಾಗಿಲು ಹಾಕಿದ ಮೇಲೆ ನಿಸರ್ಗ, “ಷಿ ರೆಡ್ ಇಟ್ ರೈಟ್, ಅಮ್ಮಾ,” ಎಂದಳು.

ನಿನ್ನ ಸೀಟಿನ ವಿಷಯ, ಬಾಯಿ ಮುಚ್ಚಿಕೊಂಡು ಒಳಗೆ ಹೋಗು ಎಂದೆ. ಈ ಹುಡುಗಿಗಾಗಿ ನಾನು ಇಷ್ಟೆಲ್ಲ ಮೈಮೇಲೆ ಎಳೆದುಕೊಂಡರೆ, ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾಳೆ. ಇವರಿಗೆ ಹೇಳಲಿಲ್ಲ. ಇವರಿಗೆ ಹೇಳಿ ಆಗುವುದೇನಿದೆ.

ಸೆಪ್ಟೆಂಬರ್ 24, ಶುಕ್ರವಾರ

ಮೂರೂವರೆಯಿಂದ ಕಿಟಕಿಯಲ್ಲೇ ಕೂತಿದ್ದೆ. ಹಿರುತ್ ಮೋಟೆಲಿಗೆ ಹೋಗುವ ಬಸ್ಸಿಗೆ ನಿಂತಿದ್ದಳು. ಬಸ್ಸು ಬಂತು, ಹತ್ತಿದಳು. ನಾಲ್ಕಾಯಿತು. ಎದ್ದು ಅನ್ನಕ್ಕಿಟ್ಟೆ.

ಅಕ್ಟೋಬರ್ 1, ಶುಕ್ರವಾರ

ಸೀಟು ಸಿಕ್ಕಿತು! ಹನ್ನೊಂದನೇ ತಾರೀಕು ಸೋಮವಾರದಿಂದ ಗುಡ್ಡದ ಶಾಲೆ. ಅಲ್ಲಿ ಇಂಗ್ಲಿಷ್ ಬಾರದವರ ಕೋಣೆಯೇ ಇಲ್ಲವಂತೆ, ಅಂಥವರು ಅಲ್ಲಿ ಯಾರೂ ಇಲ್ಲ. ಕೇಸರಿಬಾತ್ ಮಾಡಿದೆ. ಇವರಿಗೆ ಖುಷಿಯೋ ಖುಷಿ, ನೋಡಿದೆಯಾ, ನ್ಯಾಯವಾಗಿ ಕಾದರೆ ಸಿಗುತ್ತೆ ಎಂದರು. ನಾನು ಇನ್ನೊಂದು ಚಮಚ ತುಪ್ಪ ಹಾಕಿದೆ.

ನಿಸರ್ಗ ತಿನ್ನಲಿಲ್ಲ. ಹೊಸ ಶಾಲೆ, ಹೊಸ ಮಕ್ಕಳು, ಭಯ ಇರುತ್ತದೆ. ಈಗೀಗ ನಾನು ಏನು ಕೇಳಿದರೂ ಹೂಂ, ಉಹೂಂ ಅಷ್ಟೆ. ತಿರುಗಿ ವಾದಿಸುವುದನ್ನು ಬಿಟ್ಟಿದ್ದಾಳೆ, ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಅಕ್ಟೋಬರ್ 7, ಗುರುವಾರ

ಆ ಕೋಣೆಗೆ ಇವತ್ತು ಕೊನೆಯ ಸಲ ಹೋದೆ. ಮಿಸ್ ಹ್ಯಾಲ್ವರ್ಸನ್ ಒಂದು ಕಾರ್ಡು ಮಾಡಿಸಿದ್ದರು, ಮಕ್ಕಳೆಲ್ಲ ಹೆಸರು ಬರೆದಿದ್ದರು. ಮೆರೋನ್ ಹೆಸರು ಎಲ್ಲಿದೆ ಎಂದು ನಾನೇನೂ ಹುಡುಕಲಿಲ್ಲ, ಕಣ್ಣಿಗೆ ಬೀಳಲಿಲ್ಲ ಅಷ್ಟೆ.

ಲೆಕ್ಕದ ಹೊತ್ತಿನಲ್ಲಿ ಆ ಹುಡುಗಿ ಕಿಟಕಿ ಪಕ್ಕ ಕೂತಿತ್ತು. ಪದಗಳಲ್ಲಿ ಬರೆದ ಲೆಕ್ಕವೊಂದನ್ನು ಕೊಟ್ಟೆ. ಮುಟ್ಟಲಿಲ್ಲ. ಅಂಕಿ ಬರೆದು ಕೊಟ್ಟರೆ ಮಾಡುತ್ತೇನೆ ಎಂದಿತು. ನಾನು ಅಂಕಿ ಬರೆದುಕೊಟ್ಟೆ, ಮಾಡಿತು, ಸರಿಯಾಗಿತ್ತು. ಎಂದಿನಂತೆ ನನ್ನ ಮುಖ ನೋಡಲಿಲ್ಲ. ಮಕ್ಕಳಿಗೂ ಎಷ್ಟು ಅಹಂಕಾರ ನೋಡಿ.

ಹೊರಡುವಾಗ ಮಿಸ್ ಹ್ಯಾಲ್ವರ್ಸನ್ ನನ್ನನ್ನು ಪಕ್ಕಕ್ಕೆ ಕರೆದರು. ಮೆರೋನ್ ಎರಡು ವಾರದಿಂದ ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದಾಳಂತೆ. ಪುಸ್ತಕ ಕೊಟ್ಟರೆ, ನಾನು ತಪ್ಪು ಓದುತ್ತೇನೆ ಎಂದು ಮುಚ್ಚಿ ವಾಪಸು ಕೊಡುತ್ತಾಳಂತೆ. ಹೋದ ವರ್ಷದಿಂದ ಅಷ್ಟು ಮುಂದೆ ಬಂದ ಮಗು, ಏನಾಯಿತೋ ತಿಳಿಯುತ್ತಿಲ್ಲ, ಸೋಮವಾರ ಅವಳ ಫೈಲಿನಲ್ಲಿ ಬರೆಯಬೇಕು, ಇನ್ನೂ ಕೆಳಗಿನ ಗುಂಪಿಗೆ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ ಎಂದರು. ನೀವು ಹತ್ತಿರದಿಂದ ನೋಡಿದ್ದೀರಿ, ಅನುಭವ ಇರುವ ಟೀಚರು, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದರು.

ಈ ದೇಶಕ್ಕೆ ಬಂದ ಮೇಲೆ ಒಬ್ಬರು ನನ್ನನ್ನು ಟೀಚರು ಎಂದು ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಗಂಟಲು ಸರಿಮಾಡಿಕೊಂಡೆ.

“ಓದೋದು ಅವಳಿಗೆ ಸ್ವಲ್ಪ ಕಷ್ಟಾನೇ. ನಾನೂ ಮೊದಲಿಂದ ಗಮನಿಸಿದೀನಿ,” ಎಂದೆ.

ಅವರು ಪೆನ್ನು ತೆಗೆದು ಅದನ್ನು ಬರೆದುಕೊಂಡರು.